ಕ್ರಯಪತ್ರದಲ್ಲಿ ಬರೆಯದ ಹಣ: ಓಝರ್‌ನ ಒಂದು ಲೆಕ್ಕ



ನಾಸಿಕದಿಂದ ಮಾಂಗಿತುಂಗಿಯ ಯಾತ್ರೆಗೆ ಮುಂಬಯಿ–ಆಗ್ರಾ ಹೆದ್ದಾರಿ ಹಿಡಿದವರು ಓಝರ್ ಊರನ್ನು ವಾಹನದ ಕಿಟಕಿಯಿಂದಲೇ ಕಂಡಿರುತ್ತಾರೆ. ನಿಫಾಡ್ ತಾಲ್ಲೂಕಿನ ದ್ರಾಕ್ಷಿ ತೋಟಗಳ ನಡುವಿನ ಊರು ಅದು. ಆದರೆ ಅಲ್ಲಿನ ಮನೆಗಳ ಬೆಲೆಯನ್ನು ಏರಿಳಿಸುವುದು ದ್ರಾಕ್ಷಿಗಿಂತ ಹೆಚ್ಚಾಗಿ ವಿಮಾನ. ಸೋಲಾಪುರದ ದಿಗಂಬರ ಜೈನ ಮನೆತನದ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದೊಡನೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮುಂದೆ ಎಚ್‌ಎಎಲ್ ಆಯಿತು. ಅದರ ಓಝರ್ ಘಟಕ 1964ರಲ್ಲಿ ಮಿಗ್-21 ತಯಾರಿಕೆಗಾಗಿ ಹುಟ್ಟಿತು.

ಕಾರ್ಖಾನೆಯ ವಸತಿಗೃಹ ಸೇವೆ ಇರುವ ತನಕ ಮಾತ್ರ. ನಿವೃತ್ತಿಯೊಳಗೆ ಸ್ವಂತ ಸೂರು ಬೇಕು. ಆದ್ದರಿಂದ ಇಂಥ ಊರಿನಲ್ಲಿ ಮನೆಯ ಬೇಡಿಕೆ ಕಾರ್ಖಾನೆಗೆ ಬರುವ ಕೆಲಸದ ಹಿಂದೆಯೇ ನಡೆಯುತ್ತದೆ. 2024ರ ಡಿಸೆಂಬರ್‌ನಲ್ಲಿ 12 ಸುಖೋಯ್-30 ವಿಮಾನಗಳ ಒಪ್ಪಂದವಾಯಿತು. 2025ರ ಅಕ್ಟೋಬರ್ 17ರಂದು ತೇಜಸ್ ಮಾರ್ಕ್-1ಎ ತಯಾರಿಕೆಯ ಮೂರನೆಯ ಸಾಲು ಇಲ್ಲಿ ಉದ್ಘಾಟನೆಗೊಂಡಿತು. 2027ರ ನಾಸಿಕ ಕುಂಭಮೇಳದ ಮಾತೂ ಜೊತೆಗೆ ಸೇರಿದೆ. ದಲ್ಲಾಳಿಗಳಿಗೆ ಇಷ್ಟು ಸಾಕು. ಆದರೆ ಅವರು ಹೇಳುವ ಬೆಲೆಯ ಪಕ್ಕದಲ್ಲಿ ಅದೇ ಮನೆಯ ವರ್ಷದ ಬಾಡಿಗೆಯನ್ನು ಬರೆದು ನೋಡುವುದು ಒಳ್ಳೆಯದು. ಬಾಡಿಗೆ ಏರದೆ ಬೆಲೆ ಮಾತ್ರ ಏರಿದ್ದರೆ, ಏರಿರುವುದು ನಿರೀಕ್ಷೆಯೇ ಹೊರತು ಮನೆಯ ಮೌಲ್ಯವಲ್ಲ.

ಇಂಥ ಊರಿನಿಂದ ಮಗನ ಬಳಿ ಬೆಂಗಳೂರಿಗೆ ಹೊರಟ ನಿವೃತ್ತರೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. 2005–06ರಲ್ಲಿ 8 ಲಕ್ಷಕ್ಕೆ ಕೊಂಡ ಮನೆಗೆ 2025–26ರಲ್ಲಿ 40 ಲಕ್ಷ ಬರುತ್ತದೆ. ಸರ್ಕಾರದ ದರ, ಅಂದರೆ ಮಹಾರಾಷ್ಟ್ರದವರು ರೆಡಿ ರೆಕನರ್ ಎಂದೂ ಕರ್ನಾಟಕದವರು ಮಾರ್ಗಸೂಚಿ ಬೆಲೆ ಎಂದೂ ಕರೆಯುವಂಥದ್ದು, 28 ಲಕ್ಷ. ಕ್ರಯಪತ್ರದಲ್ಲಿ 28 ಬರೆದು ಉಳಿದ 12 ಲಕ್ಷವನ್ನು ನಗದಾಗಿ ಪಡೆಯಿರಿ, ತೆರಿಗೆ ಉಳಿಯುತ್ತದೆ ಎಂಬ ಸಲಹೆ ಅವರಿಗೆ ನಾಲ್ಕೂ ಕಡೆಯಿಂದ ಬರುತ್ತದೆ. ಸಲಹೆ ಕೊಡುವವರಲ್ಲಿ ಪ್ರತಿಕ್ರಮಣ ತಪ್ಪಿಸದ ಶ್ರಾವಕರೂ ಇರುತ್ತಾರೆ!

ಉಳಿಯುವುದೆಷ್ಟು? ಪೂರ್ಣ 40 ಲಕ್ಷ ಬರೆದರೂ, 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಯಾದ್ದರಿಂದ ಹಣದುಬ್ಬರದ ಸೂಚ್ಯಂಕವನ್ನು ಬಳಸಲು ಅವಕಾಶವಿದೆ. 8 ಲಕ್ಷದ ಅಸಲು ಸುಮಾರು 25.7 ಲಕ್ಷವಾಗುತ್ತದೆ. ಉಳಿದ 14.3 ಲಕ್ಷಕ್ಕೆ ಶೇ 20ರಂತೆ, ಸೆಸ್ ಸೇರಿ, ತೆರಿಗೆ ಸುಮಾರು 3 ಲಕ್ಷ. 28 ಲಕ್ಷ ಬರೆದರೆ ಸುಮಾರು ಅರ್ಧ ಲಕ್ಷ. ಉಳಿತಾಯ ಎರಡೂವರೆ ಲಕ್ಷ. ಇನ್ನು ಅವರು ಎರಡು ವರ್ಷದೊಳಗೆ ಬೆಂಗಳೂರಿನಲ್ಲಿ 32 ಲಕ್ಷಕ್ಕೆ ಕಡಿಮೆಯಿಲ್ಲದ ಮನೆ ಕೊಳ್ಳುವುದಾದರೆ, ಪೂರ್ಣ ಬೆಲೆ ಬರೆದರೂ ತೆರಿಗೆ ಸೊನ್ನೆ. ಆಗ ಮರೆಮಾಚಿ ಗಳಿಸುವುದು ಏನೂ ಇಲ್ಲ.

ಕಳೆದುಕೊಳ್ಳುವುದು ಮಾತ್ರ ಬಹಳ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದು ಪಡೆದವರಿಗೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಇಲ್ಲಿ ಅದು 12 ಲಕ್ಷ. ಆ ನಗದನ್ನು ಹೊಸ ಮನೆಗೆ ಬ್ಯಾಂಕಿನ ಮೂಲಕ ಕೊಡಲಾಗದು. ಹಾಗಾಗಿ ಅಲ್ಲಿಯೂ ಇನ್ನೊಂದು ಸುಳ್ಳು ಕ್ರಯಪತ್ರ ಬೇಕಾಗುತ್ತದೆ. ಕೊಂಡವನ ಪಾಡೂ ಸುಖದ್ದಲ್ಲ: ಬ್ಯಾಂಕ್ ಸಾಲ ಕೊಡುವುದು ಬರೆದ ಬೆಲೆಗೆ, ಮುಂದೆ ಮಾರುವಾಗ ಅವನ ಅಸಲು 28 ಲಕ್ಷ ಮಾತ್ರ. ಯಾರದೋ ತೆರಿಗೆಯನ್ನು ಅವನು ಹೊತ್ತಂತೆ.

ಸರ್ಕಾರಗಳೂ ಇದರಲ್ಲಿ ನಿರ್ದೋಷಿಗಳಲ್ಲ. ಕರ್ನಾಟಕ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿತು. ನಿಜ ಬರೆಯುವವನಿಗೇ ಭಾರ ಹೆಚ್ಚಿಸುವ ನೀತಿ ಇದು. ಇದನ್ನು ಗಟ್ಟಿಯಾಗಿ ವಿರೋಧಿಸಬೇಕು. ಆದರೆ ವಿರೋಧ ಬೇರೆ, ಕಳ್ಳಲೆಕ್ಕ ಬೇರೆ.

ಪರಿಗ್ರಹ ಪರಿಮಾಣ ವ್ರತದ ಎಣಿಕೆ ಕ್ಷೇತ್ರ, ವಾಸ್ತುಗಳಿಂದಲೇ, ಎಂದರೆ ಹೊಲ ಮತ್ತು ಮನೆಯಿಂದಲೇ, ಆರಂಭವಾಗುತ್ತದೆ. ಇಂತಿಷ್ಟೇ ಆಸ್ತಿ ಎಂದು ಮಿತಿ ಹಾಕಿಕೊಂಡವರು ಪತ್ರದಲ್ಲಿ ಕಾಣಿಸದ 12 ಲಕ್ಷವನ್ನು ಯಾವ ಎಣಿಕೆಗೆ ಸೇರಿಸುತ್ತಾರೆ? ವಿದ್ಯಾರ್ಥಿನಿಲಯಕ್ಕೋ ತ್ಯಾಗಿನಿವಾಸಕ್ಕೋ ನಿವೇಶನ ಕೊಳ್ಳುವ ಸಮಾಜದ ಟ್ರಸ್ಟುಗಳು ಈ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಲಿ. ಮಾರುವವರು ನಗದು ಕೇಳಿದರೆ ವ್ಯವಹಾರವನ್ನೇ ಕೈಬಿಡುವುದಾಗಿ ಠರಾವು ಬರೆದು, ಅದನ್ನು ವಾರ್ಷಿಕ ಸಭೆಯಲ್ಲಿ ಓದಲಿ.