ನಿಂತ ಹೊತ್ತಿನ ಲೆಕ್ಕ

'ಲಿಂಕ್ ಇಲ್ಲ' ಎಂಬ ಮಾತಿಗೆ ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಅರ್ಥ ಹೇಳಬೇಕಾಗಿಲ್ಲ. ಕನ್ನಡದವರಿಗೆ 'ಲಿಂಕ್ ಇಲ್ರಿ, ನಾಳಿ ಬರ್ರಿ' ಎಂದರೂ, ಮರಾಠಿಯವರಿಗೆ 'ಲಿಂಕ್ ನಾಹೀ, ಉದ್ಯಾ ಯಾ' ಎಂದರೂ, ಇಬ್ಬರೂ ಒಂದೇ ರೀತಿ ಪಾಸ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ನಡೆಯುತ್ತಾರೆ. ಬ್ಯಾಂಕಷ್ಟೇ ಅಲ್ಲ. ಅಂಚೆ ಕಚೇರಿ, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ, ಸಾತಬಾರಾ ಉತಾರ ಕೊಡುವ ಕಚೇರಿ, ಎಲ್ಲ ಕಡೆಗೂ ಈಗ ಈ ಮಾತು ಹೋಗಿ ಸೇರಿದೆ.

ನಾನು ಓದಿದ್ದು ಮ್ಯಾಟ್ರಿಕ್. 1981ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, 2020ರಲ್ಲಿ ಗುಮಾಸ್ತನಾಗಿಯೇ ನಿವೃತ್ತನಾದೆ. ಅಷ್ಟೂ ವರ್ಷ ಕೌಂಟರಿನ ಹಿಂದೆ ಕುಳಿತವನಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆಯಾದರೆ ರಾತ್ರಿ ಎಂಟಾದರೂ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ಆದರೆ ಶಾಖೆಯ ಕೆಲಸ ಎರಡು ತಾಸು ನಿಂತಿತೆನ್ನಿ, ಅದನ್ನು ಬರೆದಿಡಲು ಒಂದು ಪುಸ್ತಕವೂ ಇರಲಿಲ್ಲ. ರೂಪಾಯಿಗೆ ಲೆಕ್ಕವಿತ್ತು, ಹೊತ್ತಿಗೆ ಇರಲಿಲ್ಲ. ಆ ಲೆಕ್ಕವನ್ನು ಹೇಗೆ ಇಡಬೇಕು, ಇಟ್ಟರೆ ಏನು ತಿಳಿಯುತ್ತದೆ ಎಂಬುದೇ ಇಂದಿನ ಮಾತು.

ಕೆಲಸ ನಿಲ್ಲುವುದು ಕಂಪ್ಯೂಟರಿನೊಂದಿಗೆ ಹುಟ್ಟಿದ್ದೇನೂ ಅಲ್ಲ. ತಿಜೋರಿಗೆ ಎರಡು ಕೀಲಿಕೈ. ಒಂದು ಮ್ಯಾನೇಜರರ ಬಳಿ, ಇನ್ನೊಂದು ಕ್ಯಾಷಿಯರರ ಬಳಿ. ಕ್ಯಾಷಿಯರರು ಬರುವ ಎಸ್.ಟಿ. ಬಸ್ಸು ದಾರಿಯಲ್ಲಿ ಪಂಕ್ಚರ್ ಆದರೆ ಅಂದು ಹನ್ನೆರಡರ ತನಕ ರೊಕ್ಕ ಹೊರಬರುತ್ತಿರಲಿಲ್ಲ. ಆದರೆ ಆಗ ಪಾಳಿಯಲ್ಲಿ ನಿಂತವರಿಗೆ ಕಾರಣ ಕಣ್ಣಿಗೆ ಕಾಣುತ್ತಿತ್ತು. ಬಸ್ಸು ಬಂತೆಂದರೆ ಮುಗಿಯಿತು. ಮುಂದೆ ಶಾಖೆಗೆ ಕಂಪ್ಯೂಟರು ಬಂದ ಮೊದಲ ವರ್ಷಗಳಲ್ಲೂ ಖಾತೆಗಳೆಲ್ಲ ಶಾಖೆಯ ಯಂತ್ರದಲ್ಲೇ ಇದ್ದವು. ಹೊರಗಿನ ತಂತಿ ತುಂಡಾದರೆ ನಮಗೇನೂ ಆಗುತ್ತಿರಲಿಲ್ಲ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಖಾತೆಗಳೆಲ್ಲ ದೂರದ ಪಟ್ಟಣದ ಒಂದು ಕೇಂದ್ರಕ್ಕೆ ಹೋದವು. ಅನುಕೂಲ ಬಹಳವಾಯಿತು, ಸೊಲ್ಲಾಪುರದಲ್ಲಿ ಕಟ್ಟಿದ ರೊಕ್ಕ ಹಳ್ಳಿಯಲ್ಲಿ ಆ ಕ್ಷಣಕ್ಕೆ ಕಾಣುತ್ತದೆ. ಆದರೆ ನಡುವಿನ ಸಂಪರ್ಕ ಹೋಯಿತೆಂದರೆ ಖಾತೆ ಇದೆ, ರೊಕ್ಕ ಇದೆ, ಗುಮಾಸ್ತ ಇದ್ದಾನೆ, ಖಾತೆದಾರನೂ ಎದುರಿಗೆ ನಿಂತಿದ್ದಾನೆ. ಕೊಡಲು ಮಾತ್ರ ಬರುವುದಿಲ್ಲ.

2007ರ ಸುಮಾರಿಗೆ ನಾನಿದ್ದ ಹಳ್ಳಿಯ ಶಾಖೆಯಲ್ಲಿ ಇದು ವಾರಕ್ಕೆ ಎರಡು ಮೂರು ಸಲ ಆಗತೊಡಗಿತು. ಮೇಲಿನ ಕಚೇರಿಗೆ ಬರೆದೆವು. 'ನಿಮ್ಮ ಸಂಪರ್ಕ ನೂರಕ್ಕೆ ತೊಂಬತ್ತೊಂಬತ್ತು ಪಾಲು ಸರಿಯಿದೆ' ಎಂದು ಉತ್ತರ ಬಂತು. ತೊಂಬತ್ತೊಂಬತ್ತು ಎಂದರೆ ಮ್ಯಾಟ್ರಿಕ್ಕಿನಲ್ಲಿ ಯಾರಿಗೂ ಬೀಳದ ಅಂಕ! ನಮ್ಮ ಮ್ಯಾನೇಜರ್ ಸಾಹೇಬರು ಕಾಗದವನ್ನು ನನ್ನ ಮುಂದಿಟ್ಟು, 'ಏನ್ರಿ, ನಾವು ಸುಳ್ಳು ಹೇಳಾಕತ್ತೀವೇನು?' ಎಂದು ನಕ್ಕರು.

ಆ ಅಂಕಿಯನ್ನು ಬಿಡಿಸಿ ನೋಡೋಣ. 30 ದಿನದ ತಿಂಗಳಿಗೆ 720 ತಾಸು. ಅದರಲ್ಲಿ ಒಂದು ಪಾಲು ಎಂದರೆ 7 ತಾಸು 12 ನಿಮಿಷ. ಆಗ ನಮ್ಮ ಕೌಂಟರು ತೆರೆದಿರುತ್ತಿದ್ದದ್ದು ದಿನಕ್ಕೆ 4 ತಾಸು. ಹಾಳಾದ 7 ತಾಸೂ ಕೌಂಟರಿನ ಹೊತ್ತಿನಲ್ಲೇ ಬಿದ್ದರೆ ಸುಮಾರು ಎರಡು ಪೂರ್ತಿ ದಿನದ ವ್ಯವಹಾರ ಹೋದಂತೆ. ಅವರ ಲೆಕ್ಕದಲ್ಲಿ ರಾತ್ರಿ ಎರಡು ಗಂಟೆಗೂ ಮಧ್ಯಾಹ್ನ ಹನ್ನೆರಡಕ್ಕೂ ಒಂದೇ ಬೆಲೆ. ಇಲಿ ಮಾತ್ರ ಓಡಾಡುವ ಹೊತ್ತಿನಲ್ಲಿ ಸಂಪರ್ಕ ಗಟ್ಟಿಯಾಗಿದ್ದದ್ದಕ್ಕೂ ಅಂಕ ಕೊಟ್ಟುಕೊಂಡಿದ್ದರು. ಅವರು ಹೇಳಿದ್ದು ಖರೆ, ನಾವು ಹೇಳಿದ್ದೂ ಖರೆ. ಯಾವ ಹೊತ್ತನ್ನು ಎಣಿಸಬೇಕು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಆ ದಿನದಿಂದ ಒಂದು ಉದ್ದ ನೋಟ್‌ಬುಕ್ಕಿಗೆ ಗೆರೆ ಹೊಡೆದು ನನ್ನ ಮೇಜಿನ ಮೇಲೆ ಇಟ್ಟೆವು. ಸಂಪರ್ಕ ಹೋದ ಗಂಟೆ, ಬಂದ ಗಂಟೆ, ಹೋದಾಗ ಪಾಳಿಯಲ್ಲಿದ್ದ ಮಂದಿ, ಕೆಲಸವಾಗದೆ ತಿರುಗಿ ಹೋದ ಮಂದಿ, ಆಗ ಊರಲ್ಲಿ ಕರೆಂಟು ಇತ್ತೋ ಇಲ್ಲವೋ. ಕೊನೆಯ ಸಾಲನ್ನು ಹಾಕಿಸಿದ್ದು ನಮ್ಮ ಸಿಪಾಯಿ. ಬ್ಯಾಂಕಿಗೆ ಜನರೇಟರು ಇತ್ತಾದ್ದರಿಂದ ಕರೆಂಟಿಗೂ ನಮಗೂ ಸಂಬಂಧವಿಲ್ಲ ಎಂದು ನಾವು ತಿಳಿದಿದ್ದೆವು. ಮೂರು ತಿಂಗಳ ಪುಟಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ಸಾಲೇ ಮಾತಾಡಿತು. ಆ ವರ್ಷಗಳಲ್ಲಿ ಮಹಾರಾಷ್ಟ್ರದ ಹಳ್ಳಿಗಳಿಗೆ ಲೋಡ್‌ಶೆಡ್ಡಿಂಗ್ ದಿನಕ್ಕೆ ಹಲವು ತಾಸು ಇರುತ್ತಿದ್ದದ್ದು ನಿಮಗೆ ನೆನಪಿರಬೇಕು. ಕರೆಂಟು ಹೋಗಿ ತಾಸು, ಒಂದೂವರೆ ತಾಸಾದ ಮೇಲೆ ನಮ್ಮ ಸಂಪರ್ಕವೂ ಹೋಗುತ್ತಿತ್ತು. ಅಂದರೆ ತಂತಿ ಸರಿಯಿತ್ತು, ನಮ್ಮ ಯಂತ್ರವೂ ಸರಿಯಿತ್ತು. ನಡುವಿನ ಒಂದು ಠಾಣ್ಯದ ಬ್ಯಾಟರಿ ಹಳತಾಗಿ ತಾಸಿನ ಮೇಲೆ ತಡೆಯುತ್ತಿರಲಿಲ್ಲ. ಯಾರ ಠಾಣ್ಯ ಎಂದು ಹೆಸರು ಹೇಳುವ ಅಗತ್ಯವಿಲ್ಲ. ನೋಟ್‌ಬುಕ್ಕಿನ ನಕಲು ಹೋದ ಮೇಲೆ ಬ್ಯಾಟರಿ ಬದಲಾಯಿತು, ವಾರಕ್ಕೆ ಎರಡು ಮೂರು ಸಲ ಇದ್ದದ್ದು ತಿಂಗಳಿಗೊಮ್ಮೆಗೆ ಇಳಿಯಿತು. ಅದಕ್ಕೆ ಮೊದಲು ನಾವು ಬರೆದ ಕಾಗದಗಳಲ್ಲೆಲ್ಲ 'ಪದೇ ಪದೇ', 'ಬಹಳ ತೊಂದರೆ' ಎಂದು ಇತ್ತು. ಪದೇ ಪದೇ ಎಂಬುದನ್ನು ಯಾರೂ ರಿಪೇರಿ ಮಾಡಲಾರರು.

ವಿದ್ಯುತ್ತಿನವರು ಇದೇ ಕೆಲಸಕ್ಕೆ ಎರಡು ಅಳತೆ ಇಟ್ಟುಕೊಂಡಿದ್ದಾರೆ. ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ಸಲ ಕರೆಂಟು ಹೋಯಿತು ಎಂಬುದು ಒಂದು, ಒಟ್ಟು ಎಷ್ಟು ಹೊತ್ತು ಹೋಯಿತು ಎಂಬುದು ಇನ್ನೊಂದು. ಒಂದಕ್ಕೆ ಸೈಫಿ, ಇನ್ನೊಂದಕ್ಕೆ ಸೈಡಿ ಎಂದು ಹೆಸರು. ಕೇಳಿದರೆ ಅಕ್ಕತಂಗಿಯರ ಹಾಗಿವೆ. ಎರಡೂ ಏಕೆ ಬೇಕು? ಹಿಟ್ಟಿನ ಗಿರಣಿಯವನಿಗೆ ಒಂದು ತಾಸು ಒಮ್ಮೆಗೇ ಹೋದರೆ ಚಹಾ ಕುಡಿದು ಬರುತ್ತಾನೆ. ಅದೇ ಒಂದು ತಾಸು ಆರಾರು ನಿಮಿಷದಂತೆ ಹತ್ತು ಸಲ ಹೋದರೆ ಮೋಟಾರು ಸುಡುತ್ತದೆಂದು ಹೆದರಿ ಇಡೀ ದಿನ ಗಿರಣಿ ಮುಚ್ಚುತ್ತಾನೆ. ಹಾಲು ತಂಪು ಮಾಡುವವರದು ಇದಕ್ಕೆ ತಿರುವುಮುರುವು. ಆರು ನಿಮಿಷ ಹೋದರೆ ಏನೂ ಇಲ್ಲ, ಮೂರು ತಾಸು ಹೋದರೆ ಹಾಲು ಒಡೆಯುತ್ತದೆ.

ಇನ್ನೊಂದು ಮಾತು. ಸೇವೆ ಮರಳಿ ಬಂದ ಗಳಿಗೆಗೆ ತೊಂದರೆ ಮುಗಿಯುವುದಿಲ್ಲ. ಒಂದು ಕೌಂಟರಿನಲ್ಲಿ ತಾಸಿಗೆ 20 ಮಂದಿಯ ಕೆಲಸ ಆಗುತ್ತದೆ, ತಾಸಿಗೆ 12 ಮಂದಿ ಬರುತ್ತಾರೆ ಎಂದು ಹಿಡಿಯಿರಿ. ಹನ್ನೊಂದರಿಂದ ಹನ್ನೆರಡರ ತನಕ ಸಂಪರ್ಕ ಇಲ್ಲ. ಹನ್ನೆರಡಕ್ಕೆ 12 ಮಂದಿ ಬಾಕಿ. ಆಮೇಲೂ ತಾಸಿಗೆ 12 ಮಂದಿ ಹೊಸಬರು ಬರುತ್ತಲೇ ಇರುವುದರಿಂದ ಬಾಕಿಯಲ್ಲಿ ಕರಗುವುದು ತಾಸಿಗೆ 8 ಮಾತ್ರ. ಪಾಳಿ ಕರಗಲು ಒಂದೂವರೆ ತಾಸು ಬೇಕು. ನಿಂತದ್ದು ಒಂದು ತಾಸು, ಮಂದಿಯ ಕಷ್ಟ ಎರಡೂವರೆ ತಾಸು. ಇನ್ನು ಸಂಜಯ ಗಾಂಧಿ ನಿರಾಧಾರ ಯೋಜನೆಯ ರೊಕ್ಕ ಬಂದ ದಿನ ನೋಡಿ. ಅಂದು ತಾಸಿಗೆ 18 ಮಂದಿ ಬಂದರೆ ಬಾಕಿ 18, ಕರಗುವುದು ತಾಸಿಗೆ ಎರಡೇ ಎರಡು. ಒಂಬತ್ತು ತಾಸು ಬೇಕು. ಅಂದರೆ ಆ ದಿನ ಮುಗಿಯುವುದೇ ಇಲ್ಲ. ಅದೇ ಒಂದು ತಾಸು, ಆದರೆ ಬಿದ್ದ ದಿನ ಬೇರೆ. ಆದ್ದರಿಂದಲೇ ಗಂಟೆಯ ಜೊತೆಗೆ ತಲೆಯನ್ನೂ ಎಣಿಸಬೇಕೆಂದು ನಾನು ಹಟ ಹಿಡಿಯುತ್ತೇನೆ.

ಈಗ ನಷ್ಟದ ಮಾತಿಗೆ ಬರೋಣ. ದಿನದ ವ್ಯವಹಾರವನ್ನು ತಾಸಿಗೆ ಭಾಗಿಸಿ, ನಿಂತ ತಾಸಿನಿಂದ ಗುಣಿಸಿ 'ಇಷ್ಟು ಲಕ್ಷ ನಷ್ಟ' ಎಂದು ಬರೆಯುವುದು ಸುಲಭ. ನನಗೆ ಅದು ಒಪ್ಪುವುದಿಲ್ಲ. ಬ್ಯಾಂಕಿಗೆ ಇಂದು ಬರಬೇಕಾದ ಕಂತು ನಾಳೆ ಬರುತ್ತದೆ. ಅದು ತಡವಾಯಿತೇ ಹೊರತು ಕಳೆಯಲಿಲ್ಲ. ಬ್ಯಾಂಕಿನ ಖರೆ ನಷ್ಟ ಬೇರೆ ಕಡೆ ಇರುತ್ತದೆ. ಸಂಜೆ ಅವಸರದಲ್ಲಿ ಹೊಡೆದ ಎಂಟ್ರಿಯಲ್ಲಿ ತಪ್ಪು ನುಸುಳುತ್ತದೆ. ಕಬ್ಬಿನ ಬಿಲ್ಲು ತಂದ ರೈತ ಎರಡು ಸಲ ತಿರುಗಿ ಹೋಗಿ, ಮೂರನೆಯ ಸಲ ಎದುರಿನ ಪತಸಂಸ್ಥೆಯ ಮೆಟ್ಟಿಲು ಹತ್ತುತ್ತಾನೆ, ಮತ್ತೆ ಇಳಿದು ಬರುವುದಿಲ್ಲ. ಇದು ಯಾವ ದಿನದ ಪುಸ್ತಕದಲ್ಲೂ ಕಾಣುವುದಿಲ್ಲ. ವರ್ಷದ ಕೊನೆಗೆ ಠೇವಣಿ ಇಳಿದಾಗ ಎಲ್ಲರೂ ಮಳೆಯನ್ನು ದೂರುತ್ತಾರೆ.

ಪಾಳಿಯಲ್ಲಿ ನಿಂತವಳ ಲೆಕ್ಕ ಹಾಗಲ್ಲ. ತೊಗರಿ ಹೊಲದ ಕೂಲಿ ಬಿಟ್ಟು ಬಂದ ನಿರಾಧಾರ ಹೆಣ್ಣುಮಗಳಿಗೆ ಅಂದಿನ ಕೂಲಿ ತಡವಾಗುವುದಿಲ್ಲ, ಹೋಗಿಯೇಬಿಡುತ್ತದೆ. ಬಸ್ಸಿನ ಚಾರ್ಜು ಎರಡು ಸಲ. ಮರುದಿನ ಬಂದರೆ ಮತ್ತೊಂದು ಕೂಲಿ. 'ಕಾಕಾ, ಲಿಂಕ್ ಬಂತೇನ್ರಿ?' ಎಂದು ಒಂದು ತಾಸಿನಲ್ಲಿ ಐದು ಸಲ ಕೇಳಿದವರು ಬ್ಯಾಂಕಿನ ಯಾವ ವರದಿಯಲ್ಲೂ ಇಲ್ಲ. ನಿಲ್ಲಿಸಿದವರ ಪುಸ್ತಕದಲ್ಲಿ ನಷ್ಟ ಸಣ್ಣದು, ನಿಂತವರ ಗಂಟಿನಲ್ಲಿ ದೊಡ್ಡದು. ಹೀಗಿರುವಾಗ ರಿಪೇರಿಗೆ ಅವಸರವಾದರೂ ಯಾರಿಗೆ ಇರಬೇಕು? ಹೊರಗಿನಿಂದ ಯಾರಾದರೂ ಆ ನಷ್ಟವನ್ನು ಬ್ಯಾಂಕಿನ ಖಾತೆಗೆ ಖರ್ಚು ಹಾಕಿದರೆ ಮಾತ್ರ.

ರಿಸರ್ವ್ ಬ್ಯಾಂಕು ಈ ಕೆಲಸಕ್ಕೆ ಕೈ ಹಾಕಿದ್ದು ಒಳ್ಳೆಯದಾಯಿತು. 2021ರ ಆಗಸ್ಟಿನಲ್ಲಿ ಅದು ಒಂದು ನಿಯಮ ಹೊರಡಿಸಿತು: ಒಂದು ಎ.ಟಿ.ಎಂ. ಯಂತ್ರದಲ್ಲಿ ತಿಂಗಳಿಗೆ ಒಟ್ಟು 10 ತಾಸಿಗಿಂತ ಹೆಚ್ಚು ಹೊತ್ತು ರೊಕ್ಕ ಇಲ್ಲದೆ ಹೋದರೆ ಆ ಯಂತ್ರಕ್ಕೆ 10,000 ರೂಪಾಯಿ ದಂಡ. ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿ. ದಂಡ ಹಾಕಬೇಕಾದರೆ ಮೊದಲು ಖಾಲಿ ಇದ್ದ ಹೊತ್ತನ್ನು ಅಳೆಯಲೇಬೇಕು ನೋಡಿ. ಅದಕ್ಕೂ ಮೊದಲು, 2019ರ ಸೆಪ್ಟೆಂಬರಿನಲ್ಲಿ, ಇನ್ನೊಂದು ಸುತ್ತೋಲೆ ಬಂದಿತ್ತು. ಎ.ಟಿ.ಎಂ.ನಲ್ಲಿ ರೊಕ್ಕ ಹೊರಬರದೆ ಖಾತೆಯಿಂದ ಮಾತ್ರ ಕಡಿತವಾದರೆ, 5 ದಿನದೊಳಗೆ ಬ್ಯಾಂಕು ತಾನಾಗಿಯೇ ಮರಳಿ ಜಮಾ ಮಾಡಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕು. ಇದನ್ನು ಕೇಳಿ ಪಡೆದವರು ನಮ್ಮ ಕಡೆ ಕಡಿಮೆ.

ದೊಡ್ಡ ಸಂಸ್ಥೆಗೆ ಇದರ ಬಿಸಿ ಎಷ್ಟು ತಟ್ಟಬಹುದು ಎಂಬುದಕ್ಕೆ ಒಂದು ಉದಾಹರಣೆ. 2020ರ ನವೆಂಬರ್ 21ರಂದು ಎಚ್.ಡಿ.ಎಫ್.ಸಿ. ಬ್ಯಾಂಕಿನ ಮುಖ್ಯ ದತ್ತಾಂಶ ಕೇಂದ್ರದಲ್ಲಿ ವಿದ್ಯುತ್ ಕೈಕೊಟ್ಟು ಅದರ ಇಂಟರ್ನೆಟ್ ಬ್ಯಾಂಕಿಂಗ್ ಮತ್ತು ಪಾವತಿ ಸೇವೆಗಳು ನಿಂತವು. ಹಿಂದಿನ ಎರಡು ವರ್ಷಗಳಲ್ಲೂ ಹೀಗೆ ಆಗಿದ್ದರಿಂದ, ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊಸ ಡಿಜಿಟಲ್ ಯೋಜನೆಗಳನ್ನು ಆರಂಭಿಸುವುದನ್ನೂ ಹೊಸ ಗ್ರಾಹಕರಿಗೆ ಕ್ರೆಡಿಟ್ ಕಾರ್ಡು ಕೊಡುವುದನ್ನೂ ತಡೆಯಿತು. ಕಾರ್ಡಿನ ತಡೆ ಸಡಿಲವಾದದ್ದು 2021ರ ಆಗಸ್ಟಿನಲ್ಲಿ, ಉಳಿದದ್ದು 2022ರ ಮಾರ್ಚಿನಲ್ಲಿ. ಸೇವೆ ನಿಂತ ತಾಸುಗಳನ್ನು ಗುಣಿಸಿ ನೋಡಿದ್ದರೆ ಈ ಹದಿನೈದು ತಿಂಗಳು ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

ನಿಲ್ಲುವುದನ್ನು ಪೂರ್ತಿ ತಪ್ಪಿಸಲು ಯಾರಿಂದಲೂ ಆಗಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟು ಕೂತವು. ಆ ದಿನ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು. ಹಳೆಯ ಗುಮಾಸ್ತನಾದ ನನಗೆ ಅದನ್ನು ಓದಿ ಸ್ವಲ್ಪ ಸಂತೋಷವೇ ಆಯಿತೆನ್ನಿ. 2025ರ ಏಪ್ರಿಲ್ 12ರ ಶನಿವಾರ ಯು.ಪಿ.ಐ. ಪಾವತಿಗೆ ಅಡ್ಡಿಯಾದಾಗಲೂ ಹೀಗೇ. ಕಿಸೆಯಲ್ಲಿ ಐವತ್ತು ರೂಪಾಯಿ ಇದ್ದವನಿಗೆ ಚಹಾ ಸಿಕ್ಕಿತು, ಬರೀ ಫೋನು ಇದ್ದವನು ಉದ್ರಿ ಹೇಳಬೇಕಾಯಿತು.

ಮೊದಲೇ ತಿಳಿಸಿ ನಿಲ್ಲಿಸಿದ ಒಂದು ತಾಸಿಗೂ ತಿಳಿಸದೆ ನಿಂತ ಒಂದು ತಾಸಿಗೂ ಅಜಗಜಾಂತರ. ನಮ್ಮ ಶಾಖೆಯಲ್ಲಿ ನೋಟ್‌ಬುಕ್ಕಿನ ಪ್ರಕಾರ ನಿರಾಧಾರ ಯೋಜನೆಯ ಪಾವತಿಯನ್ನು ಊರಿಗೊಂದು ದಿನದಂತೆ ಹಂಚಿ, ಎರಡು ಭಾಷೆಯಲ್ಲೂ ಬರೆದು ಚಾವಡಿಯ ಗೋಡೆಗೆ ಹಚ್ಚಿದೆವು. ಬೆಳಿಗ್ಗೆಯೇ ಸಂಪರ್ಕ ಇಲ್ಲದಿದ್ದರೆ ಸಿಪಾಯಿ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಫೋನು ಮಾಡುತ್ತಿದ್ದ. ಯಂತ್ರಕ್ಕೆ ಒಂದು ಪೈಸೆ ಹಾಕದೆಯೇ ತಿರುಗಿ ಹೋಗುವವರ ಸಂಖ್ಯೆ ಇಳಿಯಿತು. ನನ್ನ ವರ್ಗಾವಣೆಯಾದಾಗ ಆ ನೋಟ್‌ಬುಕ್ಕನ್ನು ಚಾರ್ಜು ಪಟ್ಟಿಯಲ್ಲಿ ಸೇರಿಸಿಯೇ ಕೊಟ್ಟು ಬಂದೆ.

ನಿಮ್ಮ ಊರಿನ ರೇಷನ್ ಅಂಗಡಿಯ ಯಂತ್ರ, ಸೊಸೈಟಿ, ಬೋರಿನ ಕರೆಂಟು, ಯಾವುದಕ್ಕಾದರೂ ಇಂಥ ಒಂದು ಪುಸ್ತಕ ಇಡಬಹುದು. ಕಾಲೇಜಿಗೆ ಹೋಗುವ ಒಬ್ಬ ಹುಡುಗ, ಒಂದು ಗಡಿಯಾರ ಸಾಕು. ಆಗಿಂದಾಗಲೇ ಬರೆಯಬೇಕು, ಸಂಜೆ ನೆನಪಿನಿಂದ ಬರೆದರೆ ಸಿಟ್ಟಿನ ಅಳತೆ ಸಿಗುತ್ತದೆ, ಹೊತ್ತಿನದಲ್ಲ. ಸರಿಯಿದ್ದ ದಿನವನ್ನೂ 'ಸರಿ' ಎಂದು ಬರೆಯಿರಿ, ಇಲ್ಲದಿದ್ದರೆ ಎದುರಿನವರು ಪುಸ್ತಕವನ್ನು ನಂಬುವುದಿಲ್ಲ. ದೂರು ಕೊಟ್ಟರೆ ಅದರ ನಂಬರು ಮತ್ತು ತಾರೀಖನ್ನು ಅದೇ ಸಾಲಿನಲ್ಲಿ ಗುರುತು ಹಾಕಿ. ಬ್ಯಾಂಕಿನ ವಿಷಯವಾದರೆ ಮೊದಲು ಬ್ಯಾಂಕಿಗೇ ಬರೆದುಕೊಡಬೇಕು; 30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು, ಅದಕ್ಕೆ ಫೀ ಇಲ್ಲ. ಅರ್ಜಿಯ ಜೊತೆ ನೋಟ್‌ಬುಕ್ಕಿನ ಝೆರಾಕ್ಸ್ ಲಗತ್ತಿಸಿ. ಮೂಲ ಪುಸ್ತಕವನ್ನು ಮಾತ್ರ ಯಾರ ಕೈಗೂ ಕೊಡಬೇಡಿ.