ಹುಚ್ಚೂ ಬಿಡಲಿ, ಮದುವೆಯೂ ಆಗಲಿ



ನಮ್ಮಲ್ಲಿ ಒಂದು ಹಳೇ ಗಾದೆ ಇದೆ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಈ ಗಾದೆ ಇವತ್ತು ಸರಿಯಾಗಿ ಹೊಂದೋದು ಯಾರಿಗೆ ಗೊತ್ತಾ? ಡಿಗ್ರಿ ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು ನಿಂತಿರೋ ನಮ್ಮ ಮಕ್ಕಳಿಗೆ. ಕೆಲಸ ಕೇಳೋಕೆ ಹೋದರೆ "ಅನುಭವ ಇದೆಯಾ?" ಅಂತಾರೆ. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು ಸ್ವಾಮಿ?

ಇದಕ್ಕೆ ಉತ್ತರ ಅಂತಲೇ ಕಾಲೇಜುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಇರೋದು. ನಾಲ್ಕೈದು ಜನ ಸೇರಿ ಒಂದು ನಿಜವಾದ ಸಮಸ್ಯೆ ಬಗೆಹರಿಸಬೇಕು. ಉದ್ದೇಶ ಬಹಳ ಒಳ್ಳೇದು. ಆದರೆ ನಡೀತಿರೋದೇನು? ರೆಡಿಮೇಡ್ ಪ್ರಾಜೆಕ್ಟ್ ದುಡ್ಡಿಗೆ ಸಿಗುತ್ತೆ. ವರದಿ ಕೂಡ ಬೈಂಡ್ ಆಗೇ ಬರುತ್ತೆ. ನಾಲ್ಕು ಹೆಸರಿರುತ್ತೆ, ದುಡಿದವನು ಒಬ್ಬ ಇರ್ತಾನೆ, ಕೆಲವು ಸಲ ಅವನೂ ಇರಲ್ಲ. ಸಂದರ್ಶನದಲ್ಲಿ "ಇದರಲ್ಲಿ ನೀನು ಮಾಡಿದ್ದೇನಪ್ಪಾ?" ಅನ್ನೋ ಒಂದೇ ಪ್ರಶ್ನೆಗೆ ಬಣ್ಣ ಬಯಲಾಗುತ್ತೆ. ಸಾಲ ಮಾಡಿ ಫೀಸು ಕಟ್ಟಿದ ಅಪ್ಪ ಅಮ್ಮನಿಗೆ ಇದು ಗೊತ್ತೇ ಇರಲ್ಲ.

ನಾನು ಇವತ್ತು ಉಡುಪಿ ಜಿಲ್ಲೆಯನ್ನ ಇಟ್ಟುಕೊಂಡು ಮಾತಾಡ್ತೀನಿ. ಯಾಕೆ ಉಡುಪಿ? ಮಣಿಪಾಲದಲ್ಲಿ ಒಂದು ಊರಿಗೆ ಊರೇ ಶಿಕ್ಷಣದ ಮೇಲೆ ನಿಂತಿದೆ. ಅಲ್ಲಿನ ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1957ರಲ್ಲಿ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಕಾಪು ಕಡೆ ಹೋದರೆ ಬಂಟಕಲ್ಲಿನಲ್ಲಿ ಇನ್ನೊಂದು. ಇಷ್ಟು ಸಣ್ಣ ಜಿಲ್ಲೆಯಲ್ಲಿ ಇಷ್ಟೊಂದು ಕಾಲೇಜು! ಆದರೂ ಓದು ಮುಗಿದ ಮೇಲೆ ಮಕ್ಕಳು ಬೆಂಗಳೂರು ಬಸ್ಸು ಹತ್ತುತ್ತಾರೆ, ಊರಿನ ಮನೆಗಳಲ್ಲಿ ವಯಸ್ಸಾದವರು ಉಳೀತಾರೆ.

ಇದೇ ನೆಲದ ಒಂದು ಹಳೇ ಕಥೆ ಹೇಳ್ತೀನಿ, ಕೇಳಿ. 1920ರ ದಶಕ. ಕರಾವಳಿಯ ನೇಕಾರರು ಕಷ್ಟದಲ್ಲಿದ್ದರು. ಆಗ ಮೂವರು ಒಟ್ಟಾದರು. ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರು, ಟಿ.ಎಂ.ಎ. ಪೈ ಡಾಕ್ಟರು. ಮೂವರದು ಮೂರು ವಿದ್ಯೆ, ಎದುರಿಗಿದ್ದದ್ದು ಒಂದೇ ಸಮಸ್ಯೆ. 8,000 ರೂಪಾಯಿ ಬಂಡವಾಳ ಹಾಕಿ 1925ರಲ್ಲಿ ಉಡುಪಿಯಲ್ಲಿ ಶುರು ಮಾಡಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತು. 1928ರಲ್ಲಿ ಪಿಗ್ಮಿ ಯೋಜನೆ ಬಂತು. ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಉಪಾಯ ಅದು. ಬಡವರ ಮನೆಯ ಜಗಲಿ ನೋಡಿದವರಿಗೆ ಮಾತ್ರ ಹೊಳೆಯೋ ಯೋಚನೆ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಇದೇ ಟೀಮ್ ಪ್ರಾಜೆಕ್ಟ್!

ಹೊರಗಿನ ಪ್ರಪಂಚ ಏನು ಮಾಡಿದೆ ನೋಡಿ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಅನ್ನೋ ಪ್ರಾಧ್ಯಾಪಕರು 1906ರಲ್ಲೇ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನ ಒಂದು ವಾರ ತರಗತಿಗೆ, ಇನ್ನೊಂದು ವಾರ ಕಾರ್ಖಾನೆಗೆ ಕಳಿಸೋ ಪದ್ಧತಿ ತಂದರು. ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ 1973ರಲ್ಲಿ ಪ್ರಾಕ್ಟೀಸ್ ಸ್ಕೂಲ್ ಆರಂಭಿಸಿತು. 2017ರಿಂದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ನಡೀತಿದೆ. ಸಚಿವಾಲಯಗಳು, ಕಂಪನಿಗಳು ತಮ್ಮ ಸಮಸ್ಯೆ ಮುಂದಿಡ್ತವೆ, ಆರು ಜನರ ವಿದ್ಯಾರ್ಥಿ ತಂಡ ಪರಿಹಾರ ಹುಡುಕಬೇಕು. ತಂಡದಲ್ಲಿ ಒಬ್ಬ ವಿದ್ಯಾರ್ಥಿನಿಯಾದರೂ ಇರಲೇಬೇಕು ಅನ್ನೋದು ನಿಯಮ. ಮಣಿಪಾಲದಲ್ಲೇ ವಿದ್ಯಾರ್ಥಿಗಳ ತಂಡವೊಂದು ಟಾಟಾ ಪವರ್ ಸೋಲಾರ್ ಕಂಪನಿಯ ಬೆಂಬಲದೊಂದಿಗೆ ಸೌರಶಕ್ತಿ ಕಾರು ಕಟ್ಟಿತು. ಕಂಪನಿ ಜತೆ ಕೂತು ಕೆಲಸ ಮಾಡಿದರೆ ಹುಡುಗರು ಏನು ಮಾಡಬಲ್ಲರು ಅನ್ನೋದಕ್ಕೆ ದೂರ ಹೋಗಬೇಕಿಲ್ಲ.

ಆದರೆ ದೊಡ್ಡ ಕಂಪನಿ ಎಲ್ಲರಿಗೂ ಸಿಗುತ್ತಾ? ಸಿಗಲ್ಲ. ಹಾಗಾಗಿ ನಾನು ಸಣ್ಣ ಮಾಲೀಕರ ಬಗ್ಗೆ ಹೇಳ್ತೀನಿ. ಕಾಪು ತಾಲೂಕಿನ ಶಂಕರಪುರ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಲ್ಲಿ ಕಟ್ಟಿ, ಕಟ್ಟೆಗೆ ತಲುಪಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ಬೆಲೆ ದಿನಕ್ಕೇ. ಅಲ್ಲಿಗೆ ಐದು ವಿದ್ಯಾರ್ಥಿಗಳ ತಂಡ ಹೋಯ್ತು ಅಂತ ಇಟ್ಟುಕೊಳ್ಳಿ. ಹುಡುಗರು ಹೇಳ್ತಾರೆ, "ಹೂವು ಮಾರೋಕೆ ಆ್ಯಪ್ ಮಾಡಿಕೊಡ್ತೀವಿ." ವ್ಯಾಪಾರಿ ನಗ್ತಾನೆ. "ಆ್ಯಪ್ ಎಲ್ಲ ಬೇಡ ಮಾರಾಯ. ಯಾರ ಮನೆಯಿಂದ ಎಷ್ಟು ಚೆಂಡು ಬಂತು, ಯಾರಿಗೆ ಎಷ್ಟು ಬಾಕಿ ಉಂಟು, ಬರೆದಿಟ್ಟ ಚೀಟಿ ಮಳೆಗೆ ಒದ್ದೆಯಾಗಿ ಹೋಗ್ತದೆ. ಅದಕ್ಕೆ ಒಂದು ದಾರಿ ಹೇಳಿ."

ವೀಕ್ಷಕರೇ, ಆ ಒಂದು ಮಾತಲ್ಲಿ ಇಡೀ ಸೆಮಿಸ್ಟರ್‌ನ ಪಾಠ ಇದೆ. ನಮಗೆ ಗೊತ್ತಿರೋದನ್ನ ಮಾಡೋದು ಬೇರೆ, ಎದುರಿನವನಿಗೆ ಬೇಕಾದ್ದನ್ನ ಮಾಡೋದು ಬೇರೆ. ಇನ್ನು ತಂಡದೊಳಗೆ ಜಗಳ ಆಗುತ್ತೆ. ಒಬ್ಬ ಬರೋದೇ ಇಲ್ಲ, ಇನ್ನೊಬ್ಬ ಎಲ್ಲಾ ನಂದೇ ಅಂತಾನೆ. ಆಗಲಿ ಬಿಡಿ! ಆಫೀಸಿನಲ್ಲೂ ಆಗೋದು ಇದೇ ಅಲ್ವಾ? ಯಕ್ಷಗಾನ ಮೇಳದಲ್ಲಿ ಕಲಿಯೋ ಹುಡುಗ ಮೊದಲು ಕೋಡಂಗಿ, ಬಾಲಗೋಪಾಲ ಆಗಿ ಕುಣೀತಾನೆ. ಭಾಗವತರ ಪದಕ್ಕೆ, ಚೆಂಡೆ ಪೆಟ್ಟಿಗೆ ಹೊಂದಿಕೊಳ್ಳೋದು ಕಲೀತಾನೆ. ಆಮೇಲೆ ದೊಡ್ಡ ವೇಷ. ಪ್ರೇಕ್ಷಕರ ಎದುರಲ್ಲೇ ಕಲಿಕೆ!

ಇಲ್ಲಿ ಒಂದು ಅಪಾಯವನ್ನೂ ಹೇಳಲೇಬೇಕು. ಅನುಭವದ ಹೆಸರಲ್ಲಿ ಮಕ್ಕಳನ್ನ ಬಿಟ್ಟಿ ದುಡಿಸೋರಿದ್ದಾರೆ. ಜೆರಾಕ್ಸ್ ಮಾಡಿಸೋದು, ಚಹಾ ತರಿಸೋದು, ಕೊನೆಗೆ ಒಂದು ಸರ್ಟಿಫಿಕೇಟು. ಸರ್ಟಿಫಿಕೇಟಿಗೆ ಮಕ್ಕಳಿಂದಲೇ ದುಡ್ಡು ಕೇಳೋರೂ ಇದ್ದಾರೆ. ಕೇಂದ್ರ ಸರ್ಕಾರ 2024ರ ಬಜೆಟ್‌ನಲ್ಲಿ ಪಿಎಂ ಇಂಟರ್ನ್‌ಶಿಪ್ ಯೋಜನೆ ಘೋಷಿಸಿದಾಗ ತಿಂಗಳಿಗೆ 5,000 ರೂಪಾಯಿ ಭತ್ಯೆ ಅಂತ ಹೇಳಿತು. ಗುರಿ ಐದು ವರ್ಷದಲ್ಲಿ 1 ಕೋಟಿ ಯುವಜನ, 500 ದೊಡ್ಡ ಕಂಪನಿ. ಮೊತ್ತ ಸಾಲದು ಅಂತ ವಾದ ಮಾಡಬಹುದು. ಆದರೆ ಕಲಿಯೋನ ದುಡಿಮೆಗೂ ಬೆಲೆ ಇದೆ ಅನ್ನೋದನ್ನ ಸರ್ಕಾರವೇ ಒಪ್ಪಿದೆಯಲ್ಲ, ಅದು ಮುಖ್ಯ.

ಹಾಗಾದರೆ ಏನು ಮಾಡಬೇಕು? ನನ್ನ ಪ್ರಕಾರ ನಾಲ್ಕು ಕೆಲಸ. ಒಂದು, ಪ್ರಾಜೆಕ್ಟಿನ ವಿಷಯ ಮಾಲೀಕನ ಬಾಯಿಂದ ಬರಲಿ. ಗೇರುಬೀಜ ಕಾರ್ಖಾನೆ ಇರಲಿ, ಹೋಟೆಲ್ ಇರಲಿ, ಪಂಚಾಯಿತಿ ಇರಲಿ, ವಾರಕ್ಕೊಂದು ಗಂಟೆ ಮಕ್ಕಳ ಜತೆ ಕೂರೋ ಒಬ್ಬ ವ್ಯಕ್ತಿಯನ್ನ ಅಲ್ಲಿ ಗೊತ್ತು ಮಾಡಲಿ. ಎರಡು, ತಂಡದಲ್ಲಿ ಯಾರು ಏನು ಮಾಡಿದರು ಅನ್ನೋದನ್ನ ವಾರ ವಾರ ಬರೆದಿಡಿ. ಆ ಪುಸ್ತಕವೇ ನಾಳೆ ಸಂದರ್ಶನದಲ್ಲಿ ನಿಮ್ಮ ಸಾಕ್ಷಿ. ಮೂರು, ಬಸ್ ಚಾರ್ಜು, ಊಟದ ಖರ್ಚಾದರೂ ಮಾಲೀಕರು ಕೊಡಲಿ. ನಾಲ್ಕು, ಅಂಕ ಕೊಡುವಾಗ ಆ ಮಾಲೀಕನನ್ನೂ ಕೂರಿಸಿ. ಕೆಲಸಕ್ಕೆ ಬಂತೋ ಇಲ್ಲವೋ, ಅವನೇ ಹೇಳಲಿ. ಪರಿಹಾರ ಫಲಿಸದಿದ್ದರೂ ಪರವಾಗಿಲ್ಲ. ಯಾಕೆ ಫಲಿಸಲಿಲ್ಲ ಅಂತ ಪ್ರಾಮಾಣಿಕವಾಗಿ ಹೇಳೋ ಹುಡುಗಿಗೆ ಪೂರ್ತಿ ಅಂಕ ಕೊಡಿ.

ಅಪ್ಪ ಅಮ್ಮಂದಿರೇ, ನಿಮಗೊಂದು ಮನವಿ. ಇವತ್ತು ರಾತ್ರಿ ಊಟದ ಹೊತ್ತಲ್ಲಿ ಮಕ್ಕಳನ್ನ ಕೇಳಿ. ಎಷ್ಟು ಮಾರ್ಕ್ಸ್ ಬಂತು ಅಂತ ಬೇಡ. ನಿಮ್ಮ ಪ್ರಾಜೆಕ್ಟ್ ಯಾರಿಗೆ ಉಪಯೋಗ ಆಯ್ತು, ಅದರಲ್ಲಿ ನಿನ್ನ ಪಾಲು ಏನು ಅಂತ ಕೇಳಿ. ಉತ್ತರ ಬಂದರೆ ನಿಶ್ಚಿಂತೆಯಿಂದ ಮಲಗಿ. ಬರಲಿಲ್ಲ ಅಂದರೆ ಬೈಬೇಡಿ, ನಾಳೆ ಬೆಳಿಗ್ಗೆ ನಿಮಗೆ ಪರಿಚಯ ಇರೋ ಯಾವುದಾದರೂ ಅಂಗಡಿಗೋ ವರ್ಕ್‌ಶಾಪಿಗೋ ಕರೆದುಕೊಂಡು ಹೋಗಿ.