ಕುಮಟಾದಲ್ಲಿ ನಿಲ್ಲದ ಗಾಡಿ

2023ರ ಡಿಸೆಂಬರ್ 30ರಂದು, ಪ್ರಧಾನಿಗಳು ಅಯೋಧ್ಯೆಯಿಂದ ಹಸಿರು ಬಾವುಟ ತೋರಿಸಿದರಲ್ಲ, ಆ ಮಂಗಳೂರು–ಮಡಗಾಂವ್ ವಂದೇ ಭಾರತ್‌ಗೆ ನಡುವೆ ನಿಲುಗಡೆ ಎರಡೇ: ಉಡುಪಿ, ಕಾರವಾರ. ಭಟ್ಕಳ, ಹೊನ್ನಾವರ, ಕುಮಟಾದವರು ಪ್ಲಾಟ್‌ಫಾರ್ಮ್ ಮೇಲೆ ನಿಂತು ಅದು ಹೋಗೋದನ್ನ ನೋಡಬೇಕು, ಅಷ್ಟೇ.

ಸಿಟ್ಟು ಬರತ್ತೆ, ಬರಲೇಬೇಕು. ಕೊಂಕಣ ರೈಲ್ವೆ ನಿಗಮ ಕಟ್ಟಿದಾಗ ಕರ್ನಾಟಕ ಹಾಕಿದ್ದು ಶೇ. 15ರ ಪಾಲು. ಹಳಿಗೆ ಜಾಗ ಬಿಟ್ಟುಕೊಟ್ಟವರಲ್ಲಿ ಈ ಮೂರು ತಾಲೂಕಿನವರೂ ಇದ್ದಾರೆ. ಇಡೀ ಮಾರ್ಗದಲ್ಲೇ ಉದ್ದದ ಸೇತುವೆ ಇರೋದು ಹೊನ್ನಾವರದ ಶರಾವತಿ ಮೇಲೆ, 2 ಕಿಲೋಮೀಟರ್‌ಗೂ ಹೆಚ್ಚು.

ಆದರೆ ಸ್ವಾಮಿ, ಸ್ವಲ್ಪ ಟೈಮ್‌ಟೇಬಲ್ ನೋಡಿ. ಈ ಗಾಡಿ ಬೆಳಿಗ್ಗೆ 8.30ಕ್ಕೆ ಮಂಗಳೂರು ಬಿಟ್ಟು ಗೋವಾ ಕಡೆ ಹೋಗತ್ತೆ. ವಾಪಸ್ ಬರೋದು ಸಂಜೆ ಮೇಲೆ. ಕುಮಟಾದವರಿಗೆ ಬೇಕಾಗಿರೋದು ಇದರ ಉಲ್ಟಾ! ಜಿಲ್ಲೆಯಲ್ಲೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ. ಕೊಡಿ ಅಂತ ಕೇಳಿ ಕೇಳಿ ಜನ ಸುಸ್ತಾಗಿದ್ದಾರೆ. ಹಾರ್ಟು, ಕಿಡ್ನಿ, ಕ್ಯಾನ್ಸರ್ ಅಂದರೆ ಮಣಿಪಾಲ, ಇಲ್ಲಾ ಮಂಗಳೂರು. ಬೆಳಿಗ್ಗೆ ಬೇಗ ದಕ್ಷಿಣಕ್ಕೆ ಹೊರಡಬೇಕು, ಇಂದ್ರಾಳಿಯಲ್ಲಿ ಇಳಿದು ಬಸ್ ಹಿಡಿದು ಡಾಕ್ಟರನ್ನ ಕಾಣಬೇಕು, ರಾತ್ರಿಯೊಳಗೆ ಮನೆ ಸೇರಬೇಕು. ಹಾಗಾಗಿ ವಂದೇ ಭಾರತ್ ನಾಳೆಯೇ ಕುಮಟಾದಲ್ಲಿ ನಿಂತರೂ ಆ ರೋಗಿಗೆ ಅದರಿಂದ ಏನೂ ಆಗಲ್ಲ. ನಿಂತರೆ ಊರಿಗೊಂದು ಗೌರವ, ನಾನು ಬೇಡ ಅನ್ನಲ್ಲ.

ಸರಿಯಾದ ಹೊತ್ತಿಗೆ ಗಾಡಿ ಕೊಟ್ಟರೆ ಏನಾಗತ್ತೆ ಅನ್ನೋದಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ನೋಡಿ. 2020ರ ಮಾರ್ಚ್ 7ರಂದು ಶುರುವಾಯ್ತು. (ಪಾಪ, ತಿಂಗಳು ತುಂಬೋದರೊಳಗೆ ಲಾಕ್‌ಡೌನ್ ಬಂತು.) ಬೆಂಗಳೂರಿಂದ ಕಾರವಾರಕ್ಕೆ, ಮಂಗಳೂರು ಪೇಟೆ ಒಳಗೆ ಹೋಗದೆ ಪಡೀಲ್ ಬೈಪಾಸ್ ಮೇಲೆ. ಸಂಜೆ ಹತ್ತಿದರೆ ಬೆಳಿಗ್ಗೆ ಊರು. ಮೂರೂ ಕಡೆ ನಿಲ್ಲತ್ತೆ. ಅದರಲ್ಲಿ ಸುಮ್ಮನೆ ಸೀಟು ಸಿಗತ್ತಾ, ಹಬ್ಬದ ಹೊತ್ತಿಗೆ ಬುಕ್ ಮಾಡಿ ನೋಡಿ!

ಒಂಟಿ ಹಳಿ, ಕ್ರಾಸಿಂಗ್ ತೊಂದರೆ, ಪ್ರತಿ ನಿಲುಗಡೆಗೂ ಸಮಯ ಹೋಗತ್ತೆ. ಇದೆಲ್ಲ ನನಗೂ ಗೊತ್ತು. ಮಳೆಗಾಲದಲ್ಲಂತೂ ವೇಗವನ್ನೇ ಇಳಿಸಬೇಕು. ಹಾಗಿದ್ದರೆ ಇರುವ ಜಾಗದಲ್ಲಿ ಮೊದಲು ಯಾವ ಗಾಡಿ? ಮಡಗಾಂವ್‌ನಿಂದ ಬೆಳಿಗ್ಗೆ ಬರುವ ಲೋಕಲ್ ಗಾಡಿ ಒಂದಿದೆ, ಸಣ್ಣ ಸ್ಟೇಷನ್‌ನಲ್ಲೂ ನಿಲ್ಲತ್ತೆ. ಅದು ತಪ್ಪಿದರೆ ಆಸ್ಪತ್ರೆಯ ದಿನವೇ ಹೋಯ್ತು. ಅದರ ಹಿಂದೆ ಇನ್ನೊಂದು ಬಿಡಿ, ಸಂಜೆ ವಾಪಸ್ ತನ್ನಿ. ಸಂಸದರೇ, ದೆಹಲಿಗೆ ನಿಲುಗಡೆ ಪತ್ರ ಬರೆಯುವಾಗ ಅದೇ ಹಾಳೆಯಲ್ಲಿ ಇದನ್ನೂ ಎರಡು ಸಾಲು ಬರೀರಿ.